ಮಾಸ್ಟರಿಂಗ್‌ನಲ್ಲಿ ಇಕ್ಯೂ: ಅರ್ಧ ಡಿಬಿ ತಿರುಗಿಸಿದರೂ ಎಲ್ಲರಿಗೂ ತಾಗುತ್ತದೆ

ಮಿಕ್ಸ್ ಮಾಡುವಾಗ ತಬಲಾದ ಡಗ್ಗಾ ಜಾಸ್ತಿ ಗುಮ್ಮೆನ್ನುತ್ತಿದ್ದರೆ ಆ ಟ್ರ್ಯಾಕ್ ಒಂದನ್ನೇ ತೆರೆದು ಇಳಿಸಬಹುದು. ಹಾಡಿನಲ್ಲಿ ಬೇರೆ ಯಾರಿಗೂ ಅದರಿಂದ ತೊಂದರೆ ಇಲ್ಲ. ಮಿಕ್ಸ್ ಮುಗಿದ ಹಾಡಿಗೆ ಕೊನೆಯ ಹದ ಕೊಡುವ ಮಾಸ್ಟರಿಂಗ್‌ಗೆ ಕೂತಾಗ ಆ ಅನುಕೂಲ ಇರುವುದಿಲ್ಲ. ಮುಂದಿರುವುದು ಎಡ, ಬಲ ಎರಡು ಚಾನೆಲ್‌ಗಳ ಒಂದೇ ಫೈಲ್. ಅದರಲ್ಲಿ ಇಕ್ಯೂ, ಅಂದರೆ ಶಬ್ದದ ಒಂದೊಂದು ಫ್ರೀಕ್ವೆನ್ಸಿ ಭಾಗವನ್ನು ಏರಿಸುವ, ಇಳಿಸುವ ಈಕ್ವಲೈಸರ್ ಹಿಡಿದು 200 ಹರ್ಟ್ಜ್ (ಸೆಕೆಂಡಿಗೆ 200 ಕಂಪನ) ಸುತ್ತ ಎರಡು ಡಿಬಿ (ಡೆಸಿಬೆಲ್, ಸದ್ದಿನ ಅಳತೆ) ಇಳಿಸಿದಿರಿ ಅಂದುಕೊಳ್ಳಿ. ಡಗ್ಗಾ ಇಳಿಯುತ್ತದೆ ನಿಜ, ಜೊತೆಗೆ ಗಾಯಕಿಯ ದನಿಯ ತೂಕ ಹೋಗುತ್ತದೆ, ಗಿಟಾರ್ ತೆಳ್ಳಗಾಗುತ್ತದೆ, ತಂಬೂರಿಯ ಷಡ್ಜ ಹಿಂದಕ್ಕೆ ಸರಿಯುತ್ತದೆ.

ಹಾಗಾಗಿ ಈ ಕೆಲಸದಲ್ಲಿ ನಾನು ಬಿಡದೆ ಹಿಡಿದುಕೊಂಡಿರುವ ಪ್ರಶ್ನೆ ಒಂದೇ. ನಾನು ಮುಟ್ಟಲು ಹೊರಟಿರುವ ಜಾಗದಲ್ಲಿ ಇನ್ಯಾರಿದ್ದಾರೆ? ಉತ್ತರ ಗೊತ್ತಾಗುವ ತನಕ ನಾಬ್ ಮುಟ್ಟುವುದು ಬೇಡ.

ಮನೆಯ ಒಂದು ಕೋಣೆಯಲ್ಲಿ ಭಾವಗೀತೆ, ದೇವರನಾಮ, ವಚನ ರೆಕಾರ್ಡ್ ಮಾಡಿ, ತಾವೇ ಮಾಸ್ಟರ್ ಮಾಡಿ, ಯೂಟ್ಯೂಬ್‌ಗೋ ಸ್ಪಾಟಿಫೈಗೋ ಹಾಕುವವರು ಈಗ ತುಂಬ ಜನ ಇದ್ದಾರೆ. ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಒಂದು ದನಿ, ತಂಬೂರಿ, ತಬಲಾ ಅಥವಾ ಮೃದಂಗ, ಕೊಳಲು, ಹಿಂದೆ ಕೀಬೋರ್ಡೋ ಗಿಟಾರೋ, ಇಷ್ಟಿರುವ ಹಾಡು ಅಂದುಕೊಳ್ಳೋಣ. ಬೇರೆ ಥರದ ಸಂಗೀತ ಮಾಡುವವರಿಗೂ ಬಹುಪಾಲು ಇದೇ ಮಾತು ಸಲ್ಲುತ್ತದೆ. ಆದರೆ ನಮ್ಮ ಹಾಡುಗಳಲ್ಲಿ ಎಲ್ಲವೂ ಒಂದು ಶ್ರುತಿಗೆ ಕಟ್ಟುಬಿದ್ದಿರುತ್ತದೆ, ಅದರಿಂದ ಇಕ್ಯೂ ಕೆಲಸ ಇನ್ನಷ್ಟು ಸೂಕ್ಷ್ಮ ಆಗುತ್ತದೆ.

ಮೊದಲು ಕೋಣೆ ಅಳೆಯಿರಿ

ಬೇಸ್ ಬಗ್ಗೆ ಏನಾದರೂ ತೀರ್ಮಾನ ಮಾಡುವ ಮೊದಲು ಟೇಪ್ ಹಿಡಿದು ಕೋಣೆ ಅಳೆಯಿರಿ. 10 ಅಡಿಗೆ 12 ಅಡಿ ಅಂತಿಟ್ಟುಕೊಳ್ಳಿ, ನಮ್ಮಲ್ಲಿ ಬೆಡ್‌ರೂಮ್ ಅಂದರೆ ಹೆಚ್ಚು ಕಡಿಮೆ ಅಷ್ಟೇ ಅಲ್ವಾ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಗೋಡೆಯಿಂದ ಗೋಡೆಗಿರುವ ದೂರವನ್ನು ಮೀಟರಿಗೆ ತಂದು, ಅದರ ಎರಡರಷ್ಟರಿಂದ ಈ 343ನ್ನು ಭಾಗಿಸಿ. ಆ ಎರಡು ಗೋಡೆಗಳ ನಡುವೆ ನಿಂತುಬಿಡುವ ಮೊದಲ ಅಲೆಯ ಫ್ರೀಕ್ವೆನ್ಸಿ ಸಿಗುತ್ತದೆ. 12 ಅಡಿಗೆ ಸುಮಾರು 47 ಹರ್ಟ್ಜ್, 10 ಅಡಿಗೆ ಸುಮಾರು 56. ಕೋಣೆಯ ನಟ್ಟನಡುವೆ ಕೂತು ಕೇಳಿದರೆ ಇವೆರಡೂ ಹೆಚ್ಚು ಕಡಿಮೆ ಮಾಯ. ಗೋಡೆಗೆ ಬೆನ್ನು ಕೊಟ್ಟು ಕೂತರೆ ಅದೇ ಬೇಸ್ ಉಬ್ಬಿಕೊಂಡು ಬರುತ್ತದೆ. ಹಾಡು ಒಂದೇ, ಕುರ್ಚಿ ಮಾತ್ರ ಬೇರೆ. 10ಕ್ಕೆ 10ರ ಚೌಕ ಕೋಣೆಯಾದರೆ ಇನ್ನೂ ಕಷ್ಟ, ಎರಡೂ ಜೋಡಿ ಗೋಡೆಗಳ ಅಲೆ ಒಂದೇ ಕಡೆ ಬಂದು ಕೂರುತ್ತದೆ. ಇಂಥ ಕೋಣೆಯ ಮಧ್ಯದಲ್ಲಿ ಕೂತು, ಬೇಸ್ ಸಾಲದು ಅಂತ 50 ಹರ್ಟ್ಜ್‌ನಲ್ಲಿ ಮೂರು ಡಿಬಿ ಏರಿಸಿದರೆ, ಅದನ್ನು ಕಾರಿನಲ್ಲಿ ಕೇಳುವವರ ಬಾಗಿಲು ಗಡಗಡ ಅನ್ನುತ್ತದೆ.

12 ಅಡಿ ಉದ್ದದ ಕೋಣೆಯಲ್ಲಿ ಮುಂದಿನ ಗೋಡೆಯಿಂದ ಸುಮಾರು ನಾಲ್ಕೂವರೆ ಅಡಿ ದೂರದಲ್ಲಿ ನಿಮ್ಮ ಕಿವಿ ಇರಲಿ, ಅಲ್ಲಿಂದ ಶುರು ಮಾಡಿ ಸ್ವಲ್ಪ ಹಿಂದೆ ಮುಂದೆ ಸರಿದು ನೋಡಿ. ಮೂಲೆಗಳಲ್ಲಿ ದಪ್ಪ ರಾಕ್‌ವೂಲ್ ಪ್ಯಾನೆಲ್ ನಿಲ್ಲಿಸಿದರೆ ಸಹಾಯ ಆಗುತ್ತದೆ. ಗೋಡೆಗೆ ಅಂಟಿಸುವ ತೆಳು ಫೋಮ್ ಬೇಸ್‌ಗೆ ಏನೂ ಮಾಡುವುದಿಲ್ಲ, ದುಡ್ಡು ದಂಡ. ಕೋಣೆ ಸರಿ ಮಾಡಲು ಆಗದಿದ್ದರೆ 100 ಹರ್ಟ್ಜ್‌ನ ಕೆಳಗಿನದನ್ನು ಒಳ್ಳೆಯ ಹೆಡ್‌ಫೋನ್‌ನಲ್ಲಿ ಕೇಳಿ ತೀರ್ಮಾನಿಸಿ, ಸ್ಪೀಕರ್ ಮಾತು ಅಲ್ಲಿ ನಂಬಬೇಡಿ.

ವಾಲ್ಯೂಮ್ ಕೂಡ ಒಂದೇ ಕಡೆ ನಿಲ್ಲಲಿ. ಸಣ್ಣ ಸದ್ದಿನಲ್ಲಿ ನಮ್ಮ ಕಿವಿಗೆ ಬೇಸ್ ಕಡಿಮೆ ಕೇಳಿಸುತ್ತದೆ ಅನ್ನುವುದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದರು. ರಾತ್ರಿ ಮನೆಯವರು ಮಲಗಿದ್ದಾರೆ ಅಂತ ಸಣ್ಣಗೆ ಇಟ್ಟುಕೊಂಡು ಬೇಸ್ ಏರಿಸಿದರೆ ಬೆಳಗ್ಗೆ ಜೋರಾಗಿ ಕೇಳಿದಾಗ ಅದು ಅತಿಯಾಗಿರುತ್ತದೆ. ನಾಬ್ ಪಕ್ಕ ಒಂದು ಗುರುತು ಹಾಕಿ, ಪಕ್ಕದವರ ಜೊತೆ ಸ್ವಲ್ಪ ದನಿ ಎತ್ತಿದರೆ ಮಾತಾಡಬಹುದು ಅನ್ನುವಷ್ಟು ಸದ್ದು ಸಾಕು.

ಕೇಳಿದ್ದನ್ನು ಬರೆದಿಡಿ

ಕಿವಿ ದಣಿಯದಿರುವ ಹೊತ್ತಿನಲ್ಲಿ ಹಾಡನ್ನು ಒಮ್ಮೆ ಪೂರ್ತಿ ಕೇಳಿ. ಮೌಸ್ ಮೇಲೆ ಕೈ ಬೇಡ, ಪರದೆಯ ಮೇಲಿನ ಗ್ರಾಫ್ ಕೂಡ ಬೇಡ. ಅನಿಸಿದ್ದನ್ನು ಕಾಗದದ ಮೇಲೆ ಮಾತಿನಲ್ಲೇ ಬರೆಯಿರಿ: ದನಿ ಮಂಕು, ಕೊಳಲು ಮೇಲಕ್ಕೆ ಹೋದಾಗ ಚುಚ್ಚುತ್ತದೆ, ಒಟ್ಟಾರೆ ಡಬ್ಬದೊಳಗಿಂದ ಬಂದ ಹಾಗಿದೆ. ಮೊದಲ ಅರ್ಧ ನಿಮಿಷದಲ್ಲಿ ಅನಿಸುವುದೇ ಬಹಳ ಸಲ ಸರಿ. ಆಮೇಲೆ ಕಿವಿ ಒಗ್ಗಿಕೊಳ್ಳುತ್ತದೆ, ಎಷ್ಟು ಮಂಕಾದ ಹಾಡೂ ಹತ್ತು ನಿಮಿಷದಲ್ಲಿ ಸರಿಯಾಗೇ ಇದೆ ಅನಿಸತೊಡಗುತ್ತದೆ.

ಮಾತಿನಿಂದ ಸಂಖ್ಯೆಗೆ ಬರುವ ದಾರಿ ಅಷ್ಟೇನೂ ಕಷ್ಟವಲ್ಲ. ಹೊಟ್ಟೆಗೆ ತಾಗುವ ಗುಡುಗು 60 ಹರ್ಟ್ಜ್‌ನ ಕೆಳಗೆ, ಡಗ್ಗಾದ ಗುಮ್ಮೆನ್ನುವ ಸದ್ದು 80ರಿಂದ 150ರ ಸುತ್ತ. ಎಲ್ಲ ಒಂದರ ಮೇಲೊಂದು ಬಿದ್ದು ಗಿಜಿಗಿಜಿ ಅನಿಸಿದರೆ 200ರಿಂದ 400, ಡಬ್ಬದ ಸದ್ದು ಅದರ ಮೇಲೆ 800ರವರೆಗೆ. ಮೂಗಿನಲ್ಲಿ ಹಾಡಿದ ಹಾಗಿದ್ದರೆ 1 ಕಿಲೋಹರ್ಟ್ಜ್ ದಾಟಿದ ಜಾಗ. ಕಿವಿಗೆ ಚುಚ್ಚುವುದೂ, ಸಾಹಿತ್ಯ ಸ್ಪಷ್ಟವಾಗಿ ಕೇಳಿಸುವುದೂ ಎರಡೂ 2ರಿಂದ 5 ಕಿಲೋಹರ್ಟ್ಜ್‌ನಲ್ಲೇ ಇವೆ, ಕಿವಿ ಅತಿ ಚುರುಕಾಗಿರುವ ಜಾಗ ಅದು, ಅಲ್ಲಿ ಅರ್ಧ ಡಿಬಿ ಆಚೀಚೆ ಆದರೂ ಗೊತ್ತಾಗುತ್ತದೆ. 10ರ ಮೇಲಿನದು ಗಾಳಿ, ಹೊಳಪು. ಇವೆಲ್ಲ ಅಂದಾಜು ಗಡಿಗಳು, ದನಿಯಿಂದ ದನಿಗೆ ಬದಲಾಗುತ್ತವೆ.

ಬರೆದಿಟ್ಟದ್ದನ್ನು ಓದುವಾಗ ಒಂದು ವಿಷಯ ನೋಡಿ. ತೊಂದರೆ ಹಾಡಿನುದ್ದಕ್ಕೂ ಇದೆಯಾ, ಅಥವಾ ಎರಡನೇ ಚರಣದಲ್ಲಿ ಮಾತ್ರವಾ? ಉದ್ದಕ್ಕೂ ಇದ್ದರೆ ಇಕ್ಯೂಗೆ ತಕ್ಕ ಕೆಲಸ. ಒಂದು ಚರಣದಲ್ಲಿ ಮಾತ್ರ ಇದ್ದರೆ ಅಲ್ಲಿ ಏನೋ ಹೊಸ ವಾದ್ಯ ಬಂದಿದೆ ಅಂತ ಅರ್ಥ, ಅದಕ್ಕಾಗಿ ಇಡೀ ಹಾಡಿನ ಬಣ್ಣ ಬದಲಿಸುವುದು ಅನ್ಯಾಯ.

ಹೋಲಿಸಿ ನೋಡಲು ಅದೇ ಬಗೆಯ, ನಿಮಗೆ ಇಷ್ಟವಾದ ಒಂದೆರಡು ಹಾಡು ಪಕ್ಕದಲ್ಲಿರಲಿ. ಯೂಟ್ಯೂಬ್‌ನಿಂದ ಇಳಿಸಿಕೊಂಡದ್ದು ಬೇಡ. ಸಿಡಿಯಿಂದ ತೆಗೆದದ್ದೋ ಕೊಂಡುಕೊಂಡ ಪೂರ್ತಿ ಗುಣಮಟ್ಟದ ಫೈಲೋ ಆಗಬೇಕು.

ಜೋರಾದದ್ದೆಲ್ಲ ಚೆನ್ನಾಗಿಯೇ ಕೇಳಿಸುತ್ತದೆ

ಸದ್ದು ಸಮ ಮಾಡಿಕೊಂಡು ಹೋಲಿಸುವುದನ್ನು ಕೈಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ಎಲ್ಲೋ ಎರಡು ಡಿಬಿ ಏರಿಸಿ ಆಹಾ ಅನಿಸಿದರೆ ಅದು ಬಣ್ಣ ಬದಲಾದದ್ದಕ್ಕೋ, ಬರೀ ಸದ್ದು ಜಾಸ್ತಿಯಾದದ್ದಕ್ಕೋ? ಹಾಗೇ ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ, ಅನುಭವಿಗಳಿಗೂ. ಪ್ರತಿ ಸಲ ಇಕ್ಯೂ ಬದಲಿಸಿದಾಗಲೂ ಅದರ ಔಟ್‌ಪುಟ್ ಗೇನ್ ಇಳಿಸಿ ಅಥವಾ ಏರಿಸಿ, ಬೈಪಾಸ್ ಮಾಡಿದಾಗಲೂ (ಇಕ್ಯೂ ಇಲ್ಲದೆ ಕೇಳಿದಾಗಲೂ) ಮಾಡದಿದ್ದಾಗಲೂ ಸದ್ದು ಒಂದೇ ಇರುವಂತೆ ಮಾಡಿ. ಲಫ್ಸ್ (ಕಿವಿಗೆ ಎಷ್ಟು ಜೋರು ಅನ್ನುವುದರ ಅಳತೆ) ತೋರಿಸುವ ಮೀಟರ್ ಇದ್ದರೆ ಹಾಡಿನ ಒಂದೇ ತುಣುಕನ್ನು ಎರಡೂ ರೀತಿ ಅಳೆದು ಸರಿಹೊಂದಿಸಿ, ಕೊನೆಯದಾಗಿ ಕಿವಿಯಿಂದ ಒಮ್ಮೆ ಖಚಿತ ಮಾಡಿಕೊಳ್ಳಿ. ಕೆಲವು ಪ್ಲಗಿನ್‌ಗಳಲ್ಲಿ (ರೆಕಾರ್ಡಿಂಗ್ ಸಾಫ್ಟ್‌ವೇರ್‌ಗೆ ಸೇರಿಸಿಕೊಳ್ಳುವ ಸಣ್ಣ ಸಾಫ್ಟ್‌ವೇರ್) ತಾನಾಗಿಯೇ ಸರಿ ಮಾಡುವ ಆಟೋ ಗೇನ್ ಇರುತ್ತದೆ. ಅದು ಅಂದಾಜು ಮಾತ್ರ.

ಆಮೇಲೆ ಕಣ್ಣು ಮುಚ್ಚಿ. ಬೈಪಾಸ್ ಬಟನ್ ಮೇಲೆ ಮೌಸ್ ಇಟ್ಟು, ಲೆಕ್ಕ ತಪ್ಪುವಷ್ಟು ಸಲ ಪಟಪಟ ಒತ್ತಿ. ಈಗ ಯಾವುದು ಇಕ್ಯೂ ಇರುವುದು ಅಂತ ನಿಮಗೇ ಗೊತ್ತಿರುವುದಿಲ್ಲ. ನಿಧಾನವಾಗಿ ಒಂದೊಂದೇ ಸಲ ಬದಲಿಸಿ ಕೇಳಿ, ಯಾವುದು ಇಷ್ಟ ಅಂತ ಆರಿಸಿ, ಕಣ್ಣು ತೆರೆಯಿರಿ. ವ್ಯತ್ಯಾಸವೇ ಗೊತ್ತಾಗದಿದ್ದರೆ ಆ ಬ್ಯಾಂಡ್ (ಇಕ್ಯೂನಲ್ಲಿ ಏರಿಸಿದ ಅಥವಾ ಇಳಿಸಿದ ಆ ಒಂದು ಭಾಗ) ತೆಗೆದುಬಿಡಿ. ಮುಟ್ಟದ ಮೂಲವೇ ಹೆಚ್ಚು ಸಲ ಇಷ್ಟವಾದರೂ ತೆಗೆದುಬಿಡಿ, ಅಲ್ಲಿಯವರೆಗೆ ಎಷ್ಟೇ ಹೊತ್ತು ಕೂತು ಮಾಡಿದ್ದರೂ ಸರಿ.

ಎಷ್ಟು, ಎಷ್ಟು ಅಗಲ

ಮಾಸ್ಟರಿಂಗ್‌ನಲ್ಲಿ ಅರ್ಧ ಡಿಬಿಯಿಂದ ಒಂದೂವರೆ ಡಿಬಿ ಅಂದರೆ ಸಾಮಾನ್ಯ ಅಳತೆ. ಎರಡು ದಾಟಿದರೆ ಒಮ್ಮೆ ನಿಂತು ಯೋಚಿಸಿ. ಮೂರು ಬೇಕಾಗಿದ್ದರೆ ಮಿಕ್ಸ್‌ನಲ್ಲೇ ಏನೋ ಆಗಿದೆ, ಅಥವಾ ನಿಮ್ಮ ಕೋಣೆ ಏನೋ ಆಟ ಆಡುತ್ತಿದೆ.

ಅಗಲವನ್ನು ತೀರ್ಮಾನಿಸುವುದು ಕ್ಯೂ ಅನ್ನುವ ಸಂಖ್ಯೆ. ಕ್ಯೂ 0.7ರ ಹತ್ತಿರ ಇದ್ದರೆ ಸುಮಾರು ಎರಡು ಸ್ಥಾಯಿ ಅಗಲ, 1.4 ಇದ್ದರೆ ಒಂದು ಸ್ಥಾಯಿ. ಏರಿಸುವಾಗ ಅಗಲವಾಗಿರಲಿ. ಇಳಿಸುವಾಗ ಸ್ವಲ್ಪ ಕಿರಿದಾಗಿದ್ದರೂ ನಡೆಯುತ್ತದೆ, ಕಾಣೆಯಾದದ್ದನ್ನು ಕಿವಿ ಅಷ್ಟಾಗಿ ಹುಡುಕುವುದಿಲ್ಲ. ಮಧ್ಯದ ಫ್ರೀಕ್ವೆನ್ಸಿ, ಏರಿಳಿತ, ಅಗಲ ಮೂರನ್ನೂ ಬೇರೆ ಬೇರೆಯಾಗಿ ತಿರುಗಿಸುವ ಈ ಪ್ಯಾರಾಮೆಟ್ರಿಕ್ ವಿಧಾನಕ್ಕೆ ಹೆಸರು ಕೊಟ್ಟು 1972ರಲ್ಲಿ ಪ್ರಬಂಧ ಮಂಡಿಸಿದ್ದು ಜಾರ್ಜ್ ಮ್ಯಾಸೆನ್‌ಬರ್ಗ್. ಈಗ ಪುಕ್ಕಟೆ ಸಿಗುವ ಪ್ಲಗಿನ್‌ನಲ್ಲೂ ಅದೇ ಮೂರು ನಾಬ್. ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್ ಜೊತೆಗೇ ಬರುವ ರೀಇಕ್ಯೂ ಸಾಕು, ಉಚಿತವಾಗಿ ಸಿಗುವ ಟಿಡಿಆರ್ ನೋವಾ ಸಾಕು. ದುಬಾರಿ ಪ್ಲಗಿನ್‌ಗೆ ದುಡ್ಡು ಹಾಕುವ ಮೊದಲು ಆ ದುಡ್ಡನ್ನು ಕೋಣೆಗೆ ಹಾಕಿ.

ಒಂದು ಜಾಗದಿಂದ ಮೇಲಿನದನ್ನೋ ಕೆಳಗಿನದನ್ನೋ ಪೂರ್ತಿ ಒಟ್ಟಿಗೆ ಏರಿಳಿಸುವ ಇಕ್ಯೂಗೆ ಶೆಲ್ಫ್ ಅನ್ನುತ್ತಾರೆ. ಹೊಳಪಿಗೆ ನನ್ನ ಮೊದಲ ಆಯ್ಕೆ ಬ್ಯಾಕ್ಸಂಡಾಲ್ ಶೆಲ್ಫ್. ಪೀಟರ್ ಬ್ಯಾಕ್ಸಂಡಾಲ್ 1952ರಲ್ಲಿ ವೈರ್‌ಲೆಸ್ ವರ್ಲ್ಡ್ ಪತ್ರಿಕೆಯಲ್ಲಿ ಕೊಟ್ಟ ಟೋನ್ ಕಂಟ್ರೋಲ್ ಸರ್ಕೀಟ್ ಅದು. ಹಳೆಯ ಆಂಪ್ಲಿಫಯರ್‌ಗಳ ಬೇಸ್, ಟ್ರೆಬಲ್ ನಾಬ್‌ಗಳ ಹಿಂದೆ ಬಹಳ ಕಡೆ ಇದ್ದದ್ದು ಅದೇ ಸರ್ಕೀಟ್. ಅದರ ಏರು ತುಂಬ ನಿಧಾನ, ಎಲ್ಲಿ ಶುರುವಾಯಿತು ಅಂತ ಕಿವಿಗೆ ಸಿಗುವುದಿಲ್ಲ. ಆದರೆ ನಿಧಾನ ಅಂದರೆ ಬಹಳ ಕೆಳಗಿನಿಂದಲೇ ಶುರು ಅಂತಲೂ ಅರ್ಥ. 10 ಕಿಲೋಹರ್ಟ್ಜ್ ಅಂತ ಪರದೆಯಲ್ಲಿ ಬರೆದಿದ್ದರೂ 3, 4 ಕಿಲೋಹರ್ಟ್ಜ್‌ನಲ್ಲಿರುವ ದನಿಯ ಮೊನೆ ಸಹ ಸ್ವಲ್ಪ ಏರಿರುತ್ತದೆ. ಹಾಗೇ ಕೆಳಗಡೆ 100 ಹರ್ಟ್ಜ್‌ನ ಶೆಲ್ಫ್‌ನ ಬಾಲ 200, 300ರ ತನಕ ಬರುತ್ತದೆ. ಪರದೆಯ ಸಂಖ್ಯೆ ನೋಡಿ ನಾನು ಅಲ್ಲಿಗೆ ಹೋಗಿಯೇ ಇಲ್ಲ ಅಂದುಕೊಳ್ಳಬೇಡಿ.

ಇನ್ನೊಂದು, ಹೊಳಪು ಸಾಲದು ಅನಿಸಿದ ಕೂಡಲೇ ಮೇಲೆ ಏರಿಸಲು ಹೋಗಬೇಡಿ. 250ರಿಂದ 350ರ ಸುತ್ತ ಒಂದು ಡಿಬಿ ಅಗಲವಾಗಿ ಇಳಿಸಿ ಕೇಳಿ. ಎಷ್ಟೋ ಸಲ ಮಬ್ಬು ಸರಿದು ಮೇಲಿನದು ತಾನೇ ಕಾಣಿಸಿಕೊಳ್ಳುತ್ತದೆ, ಸಕಾರ ಚುಚ್ಚುವ ತೊಂದರೆಯೂ ಇಲ್ಲ.

ಕಿರಿದಾದ ಬ್ಯಾಂಡ್ ಒಂದನ್ನು ಹತ್ತು ಡಿಬಿ ಏರಿಸಿ ಕೆಳಗಿನಿಂದ ಮೇಲಕ್ಕೆ ಎಳೆಯುತ್ತಾ ಕೆಟ್ಟದಾಗಿ ಕೇಳಿಸಿದ ಕಡೆ ಇಳಿಸಿ ಅಂತ ಬಹಳ ವಿಡಿಯೋಗಳಲ್ಲಿ ಹೇಳುತ್ತಾರೆ. ಹತ್ತು ಡಿಬಿ ಏರಿಸಿದರೆ ಎಲ್ಲಾ ಕಡೆಯೂ ಕೆಟ್ಟದಾಗಿಯೇ ಕೇಳಿಸುತ್ತದೆ! ಹಾಗೆ ಹುಡುಕಿ ಹುಡುಕಿ ಆರು ಕಡೆ ತೂತು ಮಾಡಿದ ಮೇಲೆ ಉಳಿಯುವುದು ಜೀವ ಇಲ್ಲದ ಹಾಡು. ಮೊದಲು ಕಿವಿಗೆ ತೊಂದರೆ ಕೇಳಿಸಿರಬೇಕು, ಕಾಗದದ ಮೇಲೆ ಬರೆದಿರಬೇಕು, ಆಮೇಲೆ ಅದರ ಜಾಗ ಖಚಿತ ಮಾಡಿಕೊಳ್ಳಲು ಮಾತ್ರ ಮೂರ್ನಾಲ್ಕು ಡಿಬಿ ಏರಿಸಿ ಎಳೆಯಬಹುದು.

ಶ್ರುತಿ ಇರುವ ಹಾಡಿನಲ್ಲಿ ಕಿರಿದಾದ ಇಕ್ಯೂ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಗಾಯಕಿ ಜಿ ಶ್ರುತಿಯಲ್ಲಿ ಹಾಡುತ್ತಿದ್ದಾರೆ. ಮಧ್ಯ ಷಡ್ಜ 196 ಹರ್ಟ್ಜ್, ಪಂಚಮ ಸುಮಾರು 294. ನಿಮಗೆ 300ರ ಹತ್ತಿರ ಏನೋ ಗುಂಯ್ ಅನಿಸಿತು, ಕ್ಯೂ 10 ಇಟ್ಟು 294ರಲ್ಲಿ ಮೂರು ಡಿಬಿ ಇಳಿಸಿದಿರಿ. ಆ ಬ್ಯಾಂಡಿನ ಅಗಲ ಸುಮಾರು 29 ಹರ್ಟ್ಜ್, ಅಂದರೆ ಅದರೊಳಗೆ ಪಂಚಮ ಒಂದೇ ಕೂತಿದೆ. ಈಗ ಅವರು ಪಂಚಮದ ಮೇಲೆ ನಿಂತಾಗಲೆಲ್ಲ ದನಿ ಸೊರಗುತ್ತದೆ, ಮಧ್ಯಮಕ್ಕೋ ಧೈವತಕ್ಕೋ ಹೋದ ಕೂಡಲೇ ಮತ್ತೆ ತುಂಬಿಕೊಳ್ಳುತ್ತದೆ. ಕೇಳುವವರಿಗೆ ಕಾರಣ ಗೊತ್ತಾಗುವುದಿಲ್ಲ, ಹಾಡುಗಾರಿಕೆಯಲ್ಲೇ ಏನೋ ಏರುಪೇರು ಇದೆ ಅನಿಸುತ್ತದೆ. ಕಿರಿದಾದ ಇಕ್ಯೂ ಅಂದರೆ ಒಂದು ಸ್ವರದ ವಾಲ್ಯೂಮ್ ನಾಬ್. ರಾಗದ ಜೀವಸ್ವರದ ಮೇಲೆ ಅದನ್ನು ಇಟ್ಟುಬಿಟ್ಟರೆ ಹಾಡಿದವರಿಗೆ ಮಾಡುವ ದ್ರೋಹ ಅದು.

ಮೃದಂಗ, ತಬಲಾ ಇದಕ್ಕೆ ಹೊರತಲ್ಲ. ಸಾಮಾನ್ಯ ಚರ್ಮವಾದ್ಯದಲ್ಲಿ ಮೂಲ ಸ್ವರದ ಮೇಲೆ ಹುಟ್ಟುವ ನಾದಗಳು ಒಂದಕ್ಕೊಂದು ಹೊಂದುವುದಿಲ್ಲ. ನಮ್ಮ ಮೃದಂಗದ ಬಲಗಡೆಯ ಕಪ್ಪು ಕರಣೆಯಿಂದಾಗಿ ಅವು ಮೂಲ ಸ್ವರದ ಎರಡರಷ್ಟು, ಮೂರರಷ್ಟು ಅಂತ ಸಾಲಾಗಿ ಬಂದು ಕೂರುತ್ತವೆ. ಸಿ. ವಿ. ರಾಮನ್ ಇದನ್ನು 1920ರಲ್ಲಿ ನೇಚರ್ ಪತ್ರಿಕೆಯಲ್ಲಿ ತೋರಿಸಿಕೊಟ್ಟರು, ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಇನ್ನೂ ವಿವರವಾಗಿ ಬರೆದರು. ನಮ್ಮ ಕೆಲಸಕ್ಕೆ ಇದರ ಅರ್ಥ ಏನೆಂದರೆ, ಷಡ್ಜಕ್ಕೆ ಶ್ರುತಿ ಮಾಡಿದ ಮೃದಂಗ, ತಂಬೂರಿ, ದನಿ ಮೂರೂ 392, 588, 784 ಹರ್ಟ್ಜ್ ಅನ್ನುವ ಒಂದೇ ಮೆಟ್ಟಿಲುಗಳ ಮೇಲೆ ನಿಂತಿರುತ್ತವೆ. ಮೃದಂಗಕ್ಕೆ ಸ್ವಲ್ಪ ನಾದ ಬರಲಿ ಅಂತ 392ರಲ್ಲಿ ಕಿರಿದಾಗಿ ಏರಿಸಿದರೆ ಮೂವರ ಷಡ್ಜವೂ ಒಟ್ಟಿಗೆ ಎದ್ದು ಬರುತ್ತದೆ. ಹಾಗಾಗಿ ಈ ಭಾಗದಲ್ಲಿ ಏನೇ ಮಾಡುವುದಿದ್ದರೂ ಕ್ಯೂ ಒಂದಕ್ಕಿಂತ ಕೆಳಗಿರಲಿ, ಅಗಲವಾಗಿ ಇಡೀ ಸ್ಥಾಯಿ ಸಮವಾಗಿ ಏರಿಳಿಯಲಿ.

ಕರೆಂಟಿನ ಹಮ್ ಬಗ್ಗೆಯೂ ಇಲ್ಲೇ ಹೇಳಬೇಕು. ನಮ್ಮ ದೇಶದಲ್ಲಿ ಮನೆಗೆ ಬರುವ ಕರೆಂಟ್ 50 ಹರ್ಟ್ಜ್. ಅರ್ತಿಂಗ್ ಸರಿ ಇಲ್ಲದ ಕಡೆ ರೆಕಾರ್ಡ್ ಮಾಡಿದರೆ 50, 100, 150, 200ರಲ್ಲಿ ಸಣ್ಣ ಗುಂಯ್ ಸೇರಿಕೊಂಡಿರುತ್ತದೆ. ಆ ನಾಲ್ಕು ಕಡೆ ಕಿರಿದಾಗಿ ಕತ್ತರಿಸಿದರೆ ಮುಗಿಯಿತು ಅಂತ ಎಲ್ಲರೂ ಹೇಳುತ್ತಾರೆ. ಈಗ ಅದೇ ಜಿ ಶ್ರುತಿಯ ತಂಬೂರಿ ತೆಗೆದುಕೊಳ್ಳಿ. ಮಂದ್ರ ಷಡ್ಜದ ತಂತಿ 98 ಹರ್ಟ್ಜ್, ಪಂಚಮದ ತಂತಿ 147, ಮಧ್ಯ ಷಡ್ಜದ ತಂತಿಗಳು 196. ನೋಡಿದಿರಾ, ಹಮ್ ಹೆಚ್ಚು ಕಡಿಮೆ ತಂಬೂರಿಯ ಪಕ್ಕದಲ್ಲೇ ಕೂತಿದೆ. 200ರಲ್ಲಿ ಕ್ಯೂ 30 ಇಟ್ಟರೂ ಅದರ ಅಂಚು 197ರ ತನಕ ಬರುತ್ತದೆ, ಷಡ್ಜದ ತಂತಿ ತೆಳುವಾಗಿಬಿಡುತ್ತದೆ. ಕತ್ತರಿಸದೆ ಬಿಟ್ಟರೆ ಹಮ್ಮಿಗೂ ತಂತಿಗೂ ಇರುವ ಎರಡು, ಮೂರು, ನಾಲ್ಕು ಹರ್ಟ್ಜ್ ಅಂತರದಿಂದ ನಾದ ಅಲುಗಾಡಿದ ಹಾಗೆ ಕೇಳಿಸಬಹುದು. ಎರಡೂ ಕಷ್ಟವೇ. ಇದಕ್ಕೆ ಸರಿಯಾದ ಜಾಗ ಮಾಸ್ಟರಿಂಗ್ ಅಲ್ಲವೇ ಅಲ್ಲ. ಹಮ್ ಯಾವ ಮೈಕಿನಲ್ಲಿ ಬಂದಿದೆಯೋ ಆ ಟ್ರ್ಯಾಕ್‌ನಲ್ಲಿ, ಯಾರೂ ಹಾಡದ ಒಂದು ಕ್ಷಣದಿಂದ ಹಮ್ಮಿನ ಮಾದರಿ ತೆಗೆದುಕೊಂಡು ಸ್ವಚ್ಛ ಮಾಡಿಸಬೇಕು. ಸಿ ಶ್ರುತಿಯವರಿಗೂ ಪೂರ್ತಿ ಬಿಡುಗಡೆ ಇಲ್ಲ, ಅವರ ಮಂದ್ರ ಪಂಚಮ 98ರಲ್ಲಿ ಬರುತ್ತದೆ. ಹೀಗೆ ಕಿರಿದಾಗಿ ಕತ್ತರಿಸುವ ನಾಚ್ ಹಾಕುವ ಮೊದಲು ಹಾಡಿನ ಶ್ರುತಿ ಕೇಳಿ ತಿಳಿದುಕೊಳ್ಳಿ, ಅಷ್ಟು ಮಾಡಿದರೆ ಸಾಕು.

ಸ, ಶ ಮತ್ತು ತಾಳ

ಕನ್ನಡದಲ್ಲಿ ಸ, ಶ, ಷ ಇಲ್ಲದ ಸಾಲು ಸಿಗುವುದು ಕಷ್ಟ. ಸಕಾರದ ಬಲ ಇರುವುದು ಸುಮಾರು 5 ಕಿಲೋಹರ್ಟ್ಜ್‌ನಿಂದ ಮೇಲಕ್ಕೆ, ಶಕಾರದ್ದು ಅದಕ್ಕಿಂತ ಕೆಳಗೆ, ಮೂರು ನಾಲ್ಕರ ಹತ್ತಿರದಿಂದಲೇ ಶುರು. ಹೆಂಗಸರ ದನಿಯಲ್ಲಿ ಎರಡೂ ಇನ್ನಷ್ಟು ಮೇಲೆ. ಸಕಾರ ಚುಚ್ಚುತ್ತದೆ ಅಂತ 7 ಕಿಲೋಹರ್ಟ್ಜ್‌ನಲ್ಲಿ ಎರಡು ಡಿಬಿ ಖಾಯಂ ಆಗಿ ಇಳಿಸಿದರೆ ಕೈತಾಳದ ಕಿಣಿಕಿಣಿ ಮಂಕಾಗುತ್ತದೆ, ಕೊಳಲಿನ ಉಸಿರು ಹೋಗುತ್ತದೆ, ತಂಬೂರಿಯ ಜೀವಾಳದ ಝೇಂಕಾರ ಕುಗ್ಗುತ್ತದೆ. ಅದೂ ಆಗೊಮ್ಮೆ ಈಗೊಮ್ಮೆ ಬರುವ ಸಕಾರಕ್ಕಾಗಿ ಇಡೀ ಹಾಡು ದಂಡ ತೆರಬೇಕು.

ಇಲ್ಲಿ ಡೈನಾಮಿಕ್ ಇಕ್ಯೂ ಬಳಸಿ. ಆ ಭಾಗದ ಸದ್ದು ನೀವಿಟ್ಟ ಗಡಿ ದಾಟಿದಾಗ ಮಾತ್ರ ಅದು ಇಳಿಸುತ್ತದೆ, ಆಮೇಲೆ ತಾನಾಗಿ ಬಿಟ್ಟುಬಿಡುತ್ತದೆ. ಅತಿ ಜೋರಾದ ಸಕಾರದ ಮೇಲೆ ಎರಡರಿಂದ ಮೂರು ಡಿಬಿ ಇಳಿದರೆ ಸಾಕು. ದನಿ ನಡುವೆ ಇದ್ದು ತಾಳ, ಕೊಳಲು ಬದಿಗಳಲ್ಲಿದ್ದರೆ ಮಿಡ್ ಚಾನೆಲ್‌ಗೆ (ಎಡ, ಬಲ ಎರಡರಲ್ಲೂ ಸಮನಾಗಿರುವ ನಡುವಿನ ಭಾಗ) ಮಾತ್ರ ಹಾಕಿ, ಬದಿಯವು ಬಹುಪಾಲು ಉಳಿದುಕೊಳ್ಳುತ್ತವೆ. ಅತಿಯಾದರೆ ಗಾಯಕರಿಗೆ ನಾಲಿಗೆ ತೊದಲಿದ ಹಾಗೆ ಕೇಳಿಸುತ್ತದೆ. 'ಶರಣು' ಅನ್ನುವುದು ಶರಣು ಅಂತಲೇ ಕೇಳಿಸುತ್ತದಾ ಅಂತ ಸಾಹಿತ್ಯ ಕೈಯಲ್ಲಿ ಹಿಡಿದು ಒಮ್ಮೆ ಪೂರ್ತಿ ಕೇಳಿ.

ಕೆಳಗಿನ ತುದಿ

30 ಹರ್ಟ್ಜ್‌ನ ಕೆಳಗೆ ಇಂಥ ಹಾಡಿನಲ್ಲಿ ಸಂಗೀತ ಏನೂ ಇರುವುದಿಲ್ಲ. ಮೈಕ್ ಸ್ಟ್ಯಾಂಡಿಗೆ ಕಾಲು ತಾಗಿದ್ದು, ಫ್ಯಾನ್ ಗಾಳಿ, ಹೊರಗೆ ಹೋದ ಲಾರಿ ಇವೇ ಇರುತ್ತವೆ. ಅದಕ್ಕೇ ಎಲ್ಲರೂ ಕಣ್ಣು ಮುಚ್ಚಿ, ಒಂದು ಜಾಗದ ಕೆಳಗಿನದನ್ನು ತೆಗೆದುಹಾಕುವ ಹೈಪಾಸ್ ಫಿಲ್ಟರ್ ಹಾಕುತ್ತಾರೆ. ಹಾಕಿ, ಆದರೆ ಅಳೆದು ಹಾಕಿ. ಹೈಪಾಸ್ ಫಿಲ್ಟರ್ ತನ್ನ ಮೇಲಿನ ಫ್ರೀಕ್ವೆನ್ಸಿಗಳ ಫೇಸನ್ನೂ (ಅಲೆಗಳ ಏರಿಳಿತದ ಸಮಯ) ತಿರುಗಿಸುತ್ತದೆ, ಅಲೆಯ ಆಕಾರ ಬದಲಾಗುತ್ತದೆ, ಶಬ್ದ ತೆಗೆದಿದ್ದರೂ ಪೀಕ್ (ಅಲೆಯ ಅತಿ ಎತ್ತರದ ತುದಿ) ಮೊದಲಿಗಿಂತ ಮೇಲೆ ಹೋಗಬಹುದು. ಹಾಗಾಗಿ ಹಾಕುವ ಮೊದಲು ಮತ್ತು ಆಮೇಲೆ ಪೀಕ್ ಮೀಟರ್ ನೋಡಿ. ಕೆಳಗೆ ಕಸವೇ ಇಲ್ಲದಿದ್ದರೆ ಹೈಪಾಸ್ ಯಾಕೆ ಬೇಕು? ಬೇಕಾದರೆ 25ರ ಹತ್ತಿರ, ಸ್ಥಾಯಿಗೆ 12 ಡಿಬಿ ಇಳಿಜಾರು ಸಾಕು. ಕಡಿದಾದ 48 ಡಿಬಿ ಇಳಿಜಾರು ಡಗ್ಗಾದ ಪೆಟ್ಟನ್ನು ಮೆತ್ತಗೆ ಮಾಡುತ್ತದೆ.

ಬೇಸ್ ಏರಿಸುವ ಆಸೆ ಬಂದಾಗ ಲೌಡ್‌ನೆಸ್ ಲೆಕ್ಕ ನೆನಪಿರಲಿ. ಲಫ್ಸ್ ಅಳೆಯುವ ವಿಧಾನ ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ಸಂಸ್ಥೆಯ ಬಿಎಸ್ 1770 ಶಿಫಾರಸಿನದು, ಮೊದಲು ಬಂದದ್ದು 2006ರಲ್ಲಿ. ಅದು ಕೆಳಗಿನ ಬೇಸನ್ನು ಕಡಿಮೆ ಎಣಿಸುತ್ತದೆ, 2 ಕಿಲೋಹರ್ಟ್ಜ್‌ನ ಮೇಲಿನದನ್ನು ಸುಮಾರು ನಾಲ್ಕು ಡಿಬಿ ಜಾಸ್ತಿ ಎಣಿಸುತ್ತದೆ. 60 ಹರ್ಟ್ಜ್‌ನಲ್ಲಿ ಎರಡು ಡಿಬಿ ಏರಿಸಿದರೆ ಮೀಟರ್ ಹೆಚ್ಚೇನೂ ಅಲ್ಲಾಡುವುದಿಲ್ಲ, ಆದರೆ ಪೀಕ್ ಏರಿ, ಅದನ್ನು ಗಡಿ ದಾಟದಂತೆ ಒತ್ತಿಹಿಡಿಯುವ ಮುಂದಿನ ಲಿಮಿಟರ್ ಒದ್ದಾಡುತ್ತದೆ, ಡಗ್ಗಾ ಬಿದ್ದಾಗಲೆಲ್ಲ ದನಿ ಒಂದು ಕ್ಷಣ ಕುಸಿಯುತ್ತದೆ. ಮೇಲ್ಗಡೆ ಜಾಸ್ತಿ ಏರಿಸಿದರೆ ಲಫ್ಸ್ ಏರುತ್ತದೆ, ಸ್ಪಾಟಿಫೈ ತನ್ನ ಮಾಮೂಲಿ ಮೈನಸ್ 14ಕ್ಕೆ ತರಲು ಇಡೀ ಹಾಡನ್ನೇ ತಗ್ಗಿಸುತ್ತದೆ, ಕೊನೆಗೆ ದನಿಯ ಮೈ ಸಣ್ಣದಾಗಿ ಕೇಳಿಸುತ್ತದೆ.

ಫೋನಿನ ಸ್ಪೀಕರ್‌ನಲ್ಲಿ ಡಗ್ಗಾ ಕೇಳಿಸುತ್ತಿಲ್ಲ ಅಂತ ಬೇಸ್ ಏರಿಸಬೇಡಿ. ಅಷ್ಟು ಸಣ್ಣ ಸ್ಪೀಕರ್‌ನಿಂದ 100 ಹರ್ಟ್ಜ್ ಹೊರಗೆ ಬರುವುದೇ ಇಲ್ಲ, ಎಷ್ಟು ಏರಿಸಿದರೂ ಅಷ್ಟೇ. ಕೈ ಬೀಳುವ ತಟ್ಟು ಸದ್ದು 700 ಹರ್ಟ್ಜ್‌ನಿಂದ 2 ಕಿಲೋಹರ್ಟ್ಜ್ ನಡುವೆ ಕೇಳಿಸುತ್ತಿದೆಯಾ ನೋಡಿ, ಅಲ್ಲಿ ಅಗಲವಾಗಿ ಅರ್ಧ ಡಿಬಿ ಕೊಟ್ಟರೆ ಫೋನಿನಲ್ಲೂ ತಬಲಾ ಇದೆ ಅಂತ ಗೊತ್ತಾಗುತ್ತದೆ.

ಲೀನಿಯರ್ ಫೇಸ್ ಇಕ್ಯೂ ಎಂಬುದು ಫೇಸ್ ತಿರುಗಿಸುವುದಿಲ್ಲ, ಹಾಗಾಗಿ ಮಾಸ್ಟರಿಂಗ್‌ಗೆ ಅದೇ ಶ್ರೇಷ್ಠ ಅನ್ನುವ ನಂಬಿಕೆ ಇದೆ. ಅದಕ್ಕೂ ಬೆಲೆ ಇದೆ. ಪೆಟ್ಟು ಬೀಳುವ ಮೊದಲೇ ಅದರ ಸಣ್ಣ ನೆರಳು ಕೇಳಿಸುತ್ತದೆ, ಕೆಳಗಡೆ ಕಡಿದಾದ ಫಿಲ್ಟರ್ ಹಾಕಿದಾಗ ಅದು ಎದ್ದು ಕಾಣುತ್ತದೆ. ತಬಲಾ, ಮೃದಂಗ ಮುಖ್ಯವಾಗಿರುವ ಹಾಡಿನಲ್ಲಿ ನಾನು ಸಾಧಾರಣ ಮಿನಿಮಮ್ ಫೇಸನ್ನೇ ಬಳಸುತ್ತೇನೆ. ಮಿಡ್‌ಗೂ ಸೈಡ್‌ಗೂ (ಬದಿಗಳಿಗೂ) ಬೇರೆ ಬೇರೆ ಇಕ್ಯೂ ಹಾಕುವಾಗ ಮಾತ್ರ ಲೀನಿಯರ್ ಒಳ್ಳೆಯದು, ಇಲ್ಲದಿದ್ದರೆ ಎರಡರ ನಡುವೆ ಫೇಸ್ ವ್ಯತ್ಯಾಸ ಬಂದು ಸ್ಟೀರಿಯೋ ಚಿತ್ರ ಜಾರುತ್ತದೆ. ಮಿಡ್, ಸೈಡ್ ಮುಟ್ಟಿದ ಮೇಲೆ ಮೋನೋದಲ್ಲಿ ಒಮ್ಮೆ ಕೇಳಲೇಬೇಕು.

ವಾಪಸ್ ಕಳಿಸುವುದು, ಮುಗಿಸುವುದು

ಬ್ಯಾಂಡ್‌ಗಳು ನಾಲ್ಕು ದಾಟಿದರೆ, ಅಥವಾ ಎಲ್ಲೋ ಮೂರು ಡಿಬಿ ಬೇಕೇ ಬೇಕು ಅನಿಸಿದರೆ, ಮಿಕ್ಸ್ ಮಾಡಿದವರಿಗೆ ಒಂದು ಮಾತು ಹೇಳಿ. ಮಿಕ್ಸ್ ಸರಿ ಇಲ್ಲ ಅಂತ ಸುಮ್ನೆ ಬರೆದರೆ ಯಾರಿಗೂ ಉಪಯೋಗ ಇಲ್ಲ, ಬೇಜಾರು ಬೇರೆ. "ಸರ್, ಡಗ್ಗಾ 100ರ ಹತ್ತಿರ ಎರಡು ಡಿಬಿ ಕಡಿಮೆ ಮಾಡಿ ಕಳಿಸ್ತೀರಾ, ದನಿ ಹಾಗೇ ಇರಲಿ, ಮಾಸ್ಟರ್ ಬಸ್ ಮೇಲಿನ ಲಿಮಿಟರ್ ತೆಗೆದು 24 ಬಿಟ್ ಫೈಲ್ ಕೊಡಿ" ಅಂತ ಬರೆಯಿರಿ (ಮಾಸ್ಟರ್ ಬಸ್ ಅಂದರೆ ಎಲ್ಲ ಟ್ರ್ಯಾಕ್ ಸೇರುವ ಕೊನೆಯ ಚಾನೆಲ್). ಅವರಿಗೆ ಐದು ನಿಮಿಷದ ಕೆಲಸ, ನಿಮಗೆ ಆ ಬ್ಯಾಂಡ್ ಬೇಕಾಗುವುದೇ ಇಲ್ಲ. ಮಿಕ್ಸ್ ಮಾಡಿದವರು ನೀವೇ ಆಗಿದ್ದರಂತೂ ಹಿಂದಕ್ಕೆ ಹೋಗಿ ಸರಿ ಮಾಡದೇ ಇರಲು ಕಾರಣವೇ ಇಲ್ಲ.

ಇಕ್ಯೂ ಮುಗಿದು ಲಿಮಿಟರ್ ಹಾಕಿದ ಮೇಲೆ ಬಣ್ಣ ಮತ್ತೆ ಸ್ವಲ್ಪ ಬದಲಾಗುತ್ತದೆ. ಪೀಕ್‌ಗಳನ್ನು ಒತ್ತಿದಾಗ ತಬಲಾದ ಮೊನೆ ತಗ್ಗಿ ದನಿ, ತಂಬೂರಿ ಮುಂದೆ ಬರುತ್ತವೆ. ಹಾಗಾಗಿ ಲಿಮಿಟರ್ ಆನ್ ಇಟ್ಟುಕೊಂಡೇ ಇಕ್ಯೂವನ್ನು ಕೊನೆಯ ಸಲ ಬೈಪಾಸ್ ಮಾಡಿ ಹೋಲಿಸಿ, ಸದ್ದು ಸಮ ಮಾಡಿಕೊಂಡು. ಲಿಮಿಟರ್‌ನ ಟ್ರೂ ಪೀಕ್ (ಫೈಲ್ ಮತ್ತೆ ಶಬ್ದವಾಗುವಾಗಿನ ನಿಜವಾದ ಪೀಕ್) ಗಡಿ ಮೈನಸ್ 1 ಡಿಬಿ ಇರಲಿ, ಎಂಪಿತ್ರೀ, ಎಎಸಿ ಮಾಡುವಾಗ ಪೀಕ್ ಇನ್ನಷ್ಟು ಏರಬಹುದು.

ಆಲ್ಬಮ್ ಆದರೆ ಎಲ್ಲಾ ಹಾಡಿನ ದನಿ ಇರುವ ಒಂದೊಂದು ಸಾಲನ್ನು ಒಂದರ ಹಿಂದೆ ಒಂದು ಜೋಡಿಸಿ ಕೇಳಿ. ಮೂರನೇ ಹಾಡಿನಲ್ಲಿ ಅದೇ ಗಾಯಕಿ ಇನ್ಯಾರೋ ಅನ್ನುವ ಹಾಗೆ ಕೇಳಿಸಿದರೆ ಆ ಹಾಡಿನ ಇಕ್ಯೂ ಮತ್ತೆ ತೆರೆಯಿರಿ. ಕರೋಕೆ ಟ್ರ್ಯಾಕ್ ಕೂಡ ಕೊಡಬೇಕಿದ್ದರೆ ಅದಕ್ಕೂ ಇಕ್ಯೂ ಇದೇ ಇರಲಿ, ಆದರೆ ದನಿ ಇಲ್ಲದ್ದರಿಂದ ಲಿಮಿಟರ್ ಬೇರೆ ರೀತಿ ನಡೆದುಕೊಳ್ಳುತ್ತದೆ, ದನಿಗಾಗಿ ಇಟ್ಟ ಡೈನಾಮಿಕ್ ಬ್ಯಾಂಡ್ ತಾಳದ ಮೇಲೆ ಕೆಲಸ ಮಾಡತೊಡಗುತ್ತದೆ. ಆ ಬ್ಯಾಂಡ್ ಆಫ್ ಮಾಡಿ, ಲಿಮಿಟರ್‌ನ ಇನ್‌ಪುಟ್ ಒಮ್ಮೆ ನೋಡಿಕೊಂಡು, ಬೇರೆ ಹೆಸರಿನಲ್ಲಿ ಎಕ್ಸ್‌ಪೋರ್ಟ್ ಮಾಡಿ.